ಬೇಡಿಕೊಂಡರೂ ಮುಂದೆ ಬಿಡಬೇಡಿ

ಖರ್ದುಂಗ್ ಲಾ ಏರಿನಲ್ಲಿ ಗಡಿಯಾರ ನೋಡುತ್ತಾ ನಿಂತು, ಹೊತ್ತು ಮೀರಿ ಬಂದ ಓಟಗಾರರನ್ನು ತಡೆಯುವ ಸ್ವಯಂಸೇವಕರಿಗೆ,



ನೀವು ಕನ್ನಡ ಓದುವವರಲ್ಲ. ಈ ಪತ್ರ ನಿಮ್ಮ ಕೈಸೇರುತ್ತದೆ ಎಂಬ ಭರವಸೆಯೂ ನನಗಿಲ್ಲ. ಆದರೂ ನಿಮ್ಮನ್ನೇ ಉದ್ದೇಶಿಸಿ ಬರೆಯುತ್ತಿದ್ದೇನೆ, ನಮ್ಮವರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಲಡಾಖ್ ಓಟಗಳು ಮುಗಿದವೆಂದರೆ ಬೆಂಗಳೂರಿನ ಓಟಗಾರರ ಗುಂಪುಗಳಲ್ಲಿ ನಿಮ್ಮ ಮಾತು ಬರುತ್ತದೆ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡಿ, ದರ್ಶಿನಿಯೊಂದರ ಮುಂದೆ ಇಡ್ಲಿ ತಟ್ಟೆ ಹಿಡಿದು ನಿಂತಾಗ ಯಾರೋ ಒಬ್ಬರು ಹೇಳುತ್ತಾರೆ: "ಇನ್ನು ಹತ್ತು ನಿಮಿಷ ಬಿಟ್ಟಿದ್ರೆ ಮುಗಿಸಿಬಿಡ್ತಿದ್ದೆ ಗುರು. ಕಲ್ಲು ಮನಸ್ಸಿನ ಜನ." ಸುತ್ತ ನಿಂತವರೆಲ್ಲ ಹೌದಪ್ಪಾ ಎಂದು ಲೊಚಗುಟ್ಟುತ್ತಾರೆ. ನಿಮ್ಮ ಪರವಾಗಿ ಒಬ್ಬರೂ ಬಾಯಿ ತೆರೆಯುವುದಿಲ್ಲ.

ನಾನು ತೆರೆಯುತ್ತಿದ್ದೇನೆ. ನೀವು ಮಾಡುತ್ತಿರುವುದು ಸರಿ. ಇಡೀ ಓಟದಲ್ಲಿ ಎಲ್ಲರಿಗೂ ಚಪ್ಪಾಳೆ ಸಿಗುತ್ತದೆ. ಮೊದಲು ಬಂದವರಿಗೆ, ಕೊನೆಗೆ ಬಂದವರಿಗೆ, ನೀರು ಕೊಟ್ಟವರಿಗೆ, ಫೋಟೊ ತೆಗೆದವರಿಗೂ ಸಿಗುತ್ತದೆ. "ಸಾಕು, ಇಲ್ಲಿಗೆ ನಿಲ್ಲಿ" ಎನ್ನುವ ನಿಮಗೆ ಮಾತ್ರ ಸಿಗುವುದು ಬೈಗುಳ. ನಿಮ್ಮ ಈ ಒಂದು ಮಾತಿನಿಂದಲೇ ಮ್ಯಾರಥಾನಿಗಿಂತ ಉದ್ದದ, ಬೆಟ್ಟದ ಅಲ್ಟ್ರಾ ಓಟ ಎಂಬ ಆಟ ಉಳಿದುಕೊಂಡಿದೆ ಎಂದು ನಾನು ನಂಬಿದ್ದೇನೆ. ಯಾಕೆ ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕು.

ಖರ್ದುಂಗ್ ಲಾ ಚಾಲೆಂಜ್ 72 ಕಿಲೋಮೀಟರ್‌ಗಳ ಓಟ. ಬೆಳಗಿನ ಜಾವ 3 ಗಂಟೆಗೆ ಖರ್ದುಂಗ್ ಹಳ್ಳಿಯಿಂದ ಹೊರಡಬೇಕು, 14 ಗಂಟೆಯೊಳಗೆ ಲೇಹ್ ಪೇಟೆ ಮುಟ್ಟಬೇಕು. ಬೆಂಗಳೂರಿನವರು ಕಾಗದದ ಮೇಲೆ ಲೆಕ್ಕ ಹಾಕಿ, ಗಂಟೆಗೆ ಐದು ಕಿಲೋಮೀಟರ್ ದಾಟಿದರೆ ಆಯಿತಲ್ಲ, ಬಿರುಸಾಗಿ ನಡೆದರೂ ಮುಟ್ಟಬಹುದು ಎನ್ನುತ್ತಾರೆ. ಓಟ ಶುರುವಾಗುವ ಹಳ್ಳಿಯೇ ಸುಮಾರು 3,975 ಮೀಟರ್ ಎತ್ತರದಲ್ಲಿದೆ ಎಂಬುದು ಈ ಲೆಕ್ಕದೊಳಗೆ ಬರುವುದಿಲ್ಲ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅದರ ಎರಡರಷ್ಟು ಎತ್ತರದಲ್ಲಿ, ಕತ್ತಲಲ್ಲಿ, ಕೊರೆಯುವ ಚಳಿಯಲ್ಲಿ, ಹಣೆಗೆ ದೀಪ ಕಟ್ಟಿಕೊಂಡು ಹೊರಟವರು ಸುಮಾರು 32 ಕಿಲೋಮೀಟರ್ ಏರುತ್ತಲೇ ಹೋಗಬೇಕು. ಖರ್ದುಂಗ್ ಲಾ ಎಂಬ ಆ ಬೆಟ್ಟದಾರಿಯ ನೆತ್ತಿ 5,359 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಒಂದು ಉಸಿರಿಗೆ ದಕ್ಕಬೇಕಾದ ಆಮ್ಲಜನಕಕ್ಕೆ ಎರಡು ಉಸಿರು ಎಳೆಯಬೇಕು. ಅಲ್ಲಿಂದ ಲೇಹ್‌ಗೆ ಸುಮಾರು 40 ಕಿಲೋಮೀಟರ್ ಇಳಿಜಾರು. ಏರಿನಲ್ಲಿ ಉಳಿದ ತೊಡೆಯ ಶಕ್ತಿಯನ್ನು ಇಳಿಜಾರು ಹಿಂಡಿ ತೆಗೆಯುತ್ತದೆ.

ನಮ್ಮವರು ಯೋಚಿಸದ ಇನ್ನೊಂದು ಸಂಗತಿ ಇದೆ. ಓಟದ ಮೊದಲ ಅರ್ಧದಲ್ಲಿ ಯಾರಿಗಾದರೂ ಆರೋಗ್ಯ ಕೆಟ್ಟರೆ, ಲೇಹ್ ಇರುವುದು ಆ ನೆತ್ತಿಯ ಆಚೆ ಬದಿಯಲ್ಲಿ. ಅಂದರೆ ಎತ್ತರದ ಕಾಯಿಲೆ ಬಂದವರನ್ನು ಲೇಹ್‌ಗೆ ಒಯ್ಯಬೇಕಾದರೆ ಇನ್ನೂ ಎತ್ತರಕ್ಕೆ ಹತ್ತಿಸಿಯೇ ಒಯ್ಯಬೇಕು, ಇಲ್ಲವೇ ಹಿಂದಕ್ಕೆ ನುಬ್ರಾ ಕಣಿವೆಯತ್ತ ಇಳಿಸಬೇಕು. ಸಮಯ ಮೀರಿದ ಓಟಗಾರರನ್ನು "ಹೋಗಲಿ ಪಾಪ" ಎಂದು ಬಿಟ್ಟರೆ ಅವರು ಕುಸಿಯುವುದು ನೀವು ನಿಂತ ತಪಾಸಣಾ ಠಾಣೆಯಲ್ಲಿ ಅಲ್ಲ. ನಿಮಗೂ ಮುಂದಿನ ಠಾಣೆಗೂ ನಡುವೆ, ಯಾರೂ ಇಲ್ಲದ ತಿರುವಿನಲ್ಲಿ ಕುಸಿಯುತ್ತಾರೆ. ಕಟ್-ಆಫ್ ಗಡುವು ಎಂದರೆ ನಿಧಾನ ಓಡಿದವರಿಗೆ ಕೊಡುವ ಶಿಕ್ಷೆ ಎಂದು ತಿಳಿದವರು ಈ ದಾರಿಯ ನಕ್ಷೆಯನ್ನೊಮ್ಮೆ ಬಿಡಿಸಿ ನೋಡಬೇಕು. ಗಾಡಿ, ವೈದ್ಯರು, ಆಕ್ಸಿಜನ್ ಸಿಲಿಂಡರ್ ಎಲ್ಲವೂ ಓಟಗಾರರ ಜೊತೆ ಜೊತೆಗೇ ಮುಂದೆ ಸಾಗುವ ಏರ್ಪಾಡು ಇದು. ತೀರಾ ಹಿಂದೆ ಬಿದ್ದವರು ಆ ಆಸರೆಯಿಂದಲೇ ಹೊರಗೆ ಬಿದ್ದಂತೆ.

ಇದಕ್ಕಿಂತ ಮುಖ್ಯವಾದ ಕಾರಣ ಮಿದುಳಿನಲ್ಲಿದೆ.

ತೀರಾ ಎತ್ತರದಲ್ಲಿ ದೇಹಕ್ಕೆ ಎರಡು ದೊಡ್ಡ ಗಂಡಾಂತರಗಳು. ಒಂದು, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು: ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಕೊನೆಗೆ ಕೆಂಪು ಬೆರೆತ ನೊರೆಕಫ. ಇನ್ನೊಂದು, ಮಿದುಳು ಊದಿಕೊಳ್ಳುವುದು: ತಲೆಸಿಡಿತ, ತೂರಾಡುವ ಹೆಜ್ಜೆ, ಮಂಕು. ಎರಡಕ್ಕೂ ಮೊದಲ ಮದ್ದು ಒಂದೇ, ಕೆಳಗಿಳಿಸುವುದು. ಗಟ್ಟಿಮುಟ್ಟಾದವರಿಗೆ ಇವು ಬರುವುದಿಲ್ಲ ಎಂಬ ಭ್ರಮೆ ನಮ್ಮಲ್ಲಿ ದಂಡಿಯಾಗಿದೆ. ನಂದಿ ಬೆಟ್ಟವನ್ನು ಎಷ್ಟು ಸಲ ಹತ್ತಿ ಇಳಿದರೂ, ಮ್ಯಾರಥಾನನ್ನು ಎಷ್ಟು ಬೇಗ ಮುಗಿಸಿದರೂ ಈ ಕಾಯಿಲೆಗಳ ಮುಂದೆ ಆ ಸಾಧನೆ ರಕ್ಷಣೆಯಾಗಿ ನಿಲ್ಲುವುದಿಲ್ಲ. ಎತ್ತರಕ್ಕೆ ನಿಧಾನವಾಗಿ ಒಗ್ಗಿಕೊಳ್ಳುವುದೊಂದೇ ದಾರಿ. ಓಟಕ್ಕೆ ಬಹಳ ದಿನ ಮೊದಲೇ ಲೇಹ್ ತಲುಪಿ ಅಲ್ಲಿಯೇ ತಂಗಿರಬೇಕೆಂಬ ನಿಯಮ ಅದಕ್ಕಾಗಿಯೇ ಇದೆ. ಕಚೇರಿಯಲ್ಲಿ ಅಷ್ಟು ರಜೆ ಸಿಗುವುದಿಲ್ಲ ಎಂದು ಈ ನಿಯಮವನ್ನು ಗೊಣಗುವವರನ್ನು ಕಂಡಿದ್ದೇನೆ. ರಜೆ ಸಿಗದಿದ್ದರೆ ಆ ಓಟಕ್ಕೆ ಹೋಗಬಾರದು. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ.

ಆಮ್ಲಜನಕ ಕಡಿಮೆಯಾದಾಗ ಕಾಲಿಗಿಂತ ಮೊದಲು ಕೈಕೊಡುವುದು ವಿವೇಚನೆ. ನನಗೆ ಏನೋ ಆಗುತ್ತಿದೆ ಎಂದು ಗುರುತಿಸಬೇಕಾದ ಅಂಗವೇ ಮೊದಲು ಮಸುಕಾಗುತ್ತದೆ. "ನನ್ನ ದೇಹ ನನಗೆ ಗೊತ್ತು" ಎಂಬ ಮಾತು ಕಬ್ಬನ್ ಪಾರ್ಕಿನಲ್ಲಿ ನಿಜ. ನಿಮ್ಮ ಠಾಣೆಯಲ್ಲಿ ಅದು ನಿಜವಲ್ಲ, ಅಷ್ಟೇ ಅಲ್ಲ, ಅಪಾಯ.

ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕಡೆಯ ಹುಡುಗ, ಒಳ್ಳೆಯ ಓಟಗಾರ, ಮೈಯಲ್ಲಿ ಕೊಬ್ಬೆಂಬುದಿಲ್ಲ. ಠಾಣೆಯ ಡೇರೆಯ ಮುಂದೆ ಕಲ್ಲಿನ ಮೇಲೆ ಕೂತು ಜೆಲ್ ಪೊಟ್ಟಣ ಹರಿಯಲು ನೋಡುತ್ತಿದ್ದ. ಹರಿಯುವ ಗುರುತು ಇದ್ದದ್ದು ಒಂದು ತುದಿಯಲ್ಲಿ, ಅವನು ಹಲ್ಲು ಹಚ್ಚಿ ಎಳೆಯುತ್ತಿದ್ದದ್ದು ಇನ್ನೊಂದು ತುದಿಯನ್ನು. ಮತ್ತೆ ಮತ್ತೆ ಅದನ್ನೇ ಎಳೆದ. ಅಲ್ಲಿದ್ದ ಸ್ವಯಂಸೇವಕಿ ಬೆರಳ ತುದಿ ಕತ್ತರಿಸಿದ ಉಣ್ಣೆಯ ಗ್ಲೌಸ್ ಹಾಕಿಕೊಂಡು, ಪೆನ್ಸಿಲ್ ಹಿಡಿದು ಹಾಳೆಯ ಮೇಲೆ ಬಿಬ್ ಸಂಖ್ಯೆಗಳನ್ನು ಬರೆದುಕೊಳ್ಳುತ್ತಿದ್ದರು. ಅದನ್ನು ಬದಿಗಿಟ್ಟು ಎದ್ದು ಬಂದರು. ರಸ್ತೆಯ ಅಂಚಿನ ಬಿಳಿ ಗೆರೆ ತೋರಿಸಿ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನಡೆ ಎಂದರು. ಅವನು ಎದ್ದ. ಎರಡು ಹೆಜ್ಜೆ ಗೆರೆಯ ಮೇಲೆ ಬಿದ್ದವು. ಮೂರನೆಯದು ಒಂದು ಮೊಳ ಆಚೆಗೆ ಬಿತ್ತು. ಅವನು ತಿರುಗಿ, "ಸರಿಯಾಗೇ ನಡೆದೆನಲ್ಲ" ಎಂದು ಸಿಟ್ಟಾದ. ಸುಳ್ಳು ಹೇಳುತ್ತಿರಲಿಲ್ಲ. ತಾನು ಸರಿಯಾಗಿ ನಡೆದಿದ್ದೇನೆ ಎಂದು ಅವನು ಮನಸಾರೆ ನಂಬಿದ್ದ.

ಆಕೆ ಅವನ ಜೊತೆ ವಾದಕ್ಕೆ ಇಳಿಯಲಿಲ್ಲ. ಬಿಬ್ ಬಿಚ್ಚಿಕೊಂಡರು, ಹೆಗಲಿಗೆ ಕಂಬಳಿ ಹೊದಿಸಿದರು, ಬಿಸಿನೀರಿನ ಲೋಟವನ್ನು ಎರಡೂ ಕೈಗೆ ಹಿಡಿಸಿದರು. ಅವನು ಬೈದ, ಬೇಡಿಕೊಂಡ, ಅತ್ತ. ಗಾಡಿಯ ಬಾಗಿಲು ಮುಚ್ಚಿದ ಮೇಲೆ ಆಕೆ ಮರಳಿ ಬಂದು ಪೆನ್ಸಿಲ್ ಕೈಗೆತ್ತಿಕೊಂಡರು. ಸಂಜೆ ಹುಡುಗ ತಗ್ಗಿನಲ್ಲಿ ಚೆನ್ನಾಗಿಯೇ ಇದ್ದ, ಮಾತು ನೆಟ್ಟಗಾಗಿತ್ತು. ಬೆಳಿಗ್ಗೆ ಗೆರೆಯ ಮೇಲೆ ನಡೆದದ್ದು ಅವನಿಗೆ ನೆನಪೇ ಇರಲಿಲ್ಲ.

ನಿರ್ಧಾರ ಓಡುವವರ ಕೈಯಲ್ಲಿ ಇರಬಾರದು ಎಂಬ ಈ ಅರಿವಿಗೆ ಒಂದು ಹಳೆಯ ಕಥೆಯಿದೆ. ಇಂದಿನ ನೂರು ಮೈಲಿ ಓಟಗಳಿಗೆ ಹಾದಿ ಹಾಕಿಕೊಟ್ಟದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್. ಅದು ಹುಟ್ಟಿದ್ದು ಕುದುರೆ ಸವಾರಿಯಿಂದ. ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಟೆವಿಸ್ ಕಪ್ ಎಂಬ ಸವಾರಿ ಸ್ಪರ್ಧೆ ನಡೆಯುತ್ತಿತ್ತು. ಒಂದೇ ದಿನದಲ್ಲಿ ನೂರು ಮೈಲಿ. 1974ರಲ್ಲಿ ಗೋರ್ಡಿ ಏನ್ಸ್ಲೀ ಎಂಬಾತ ಕುದುರೆಯಿಲ್ಲದೆ, ಕುದುರೆಗಳ ನಡುವೆಯೇ ಕಾಲ್ನಡಿಗೆಯಲ್ಲಿ ಹೊರಟು 23 ಗಂಟೆ 42 ನಿಮಿಷದಲ್ಲಿ ಮುಗಿಸಿದ. ಆ ಸವಾರಿಯಲ್ಲಿ ದಾರಿಯುದ್ದಕ್ಕೂ ಪಶುವೈದ್ಯರು ಕುದುರೆಯ ನಾಡಿ ಹಿಡಿದು, ನಡಿಗೆ ನೋಡಿ, ಸರಿಯಿದ್ದರಷ್ಟೇ ಮುಂದೆ ಬಿಡುತ್ತಾರೆ. ಸವಾರ ಎಷ್ಟೇ ಕೂಗಾಡಲಿ, ವೈದ್ಯರು ಬೇಡವೆಂದರೆ ಬೇಡ. ಮುಂದೆ ಮನುಷ್ಯರ ಓಟವಾದಾಗಲೂ ಈ ಪದ್ಧತಿ ಉಳಿಯಿತು. ಬಹಳ ವರ್ಷ ಓಟಗಾರರನ್ನು ದಾರಿಯಲ್ಲಿ ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡುತ್ತಿದ್ದರು. ಮೂಕಪ್ರಾಣಿಗೆ ತೋರಿದ ಈ ಕಾಳಜಿ ಮನುಷ್ಯನಿಗೆ ಇನ್ನೂ ಹೆಚ್ಚು ಬೇಕು. ಕುದುರೆಗಾದರೆ ಪದಕದ ಆಸೆಯಿಲ್ಲ, ಊರಿಗೆ ಹೋಗಿ ಏನು ಹೇಳಲಿ ಎಂಬ ಸಂಕೋಚವಿಲ್ಲ. ಅದು ಸುಸ್ತಾದರೆ ನಿಂತುಬಿಡುತ್ತದೆ. ನಾವು ನಿಲ್ಲುವುದಿಲ್ಲ.

ನಿಲ್ಲಿಸುವವರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಚೀನಾದ ಗಾನ್ಸು ಪ್ರಾಂತ್ಯ ಕಂಡಿತು. ತಾರೀಖು 2021ರ ಮೇ 22, ಸ್ಥಳ ಬೈಯಿನ್ ನಗರದ ಆಡಳಿತಕ್ಕೆ ಸೇರಿದ ಜಿಂಗ್‌ಟಾಯ್ ಸೀಮೆ, ಹಳದಿ ನದಿಯ ದಂಡೆಯ ಕಲ್ಲುಬೆಟ್ಟಗಳು. 100 ಕಿಲೋಮೀಟರ್‌ಗಳ ಬೆಟ್ಟದ ಓಟಕ್ಕೆ 172 ಮಂದಿ ಹೊರಟರು. ಬಹಳ ಜನ ತೊಟ್ಟದ್ದು ತೆಳು ಅಂಗಿ, ಚಡ್ಡಿ. ಗಾಳಿ ತಡೆಯುವ ಜಾಕೆಟ್ ಕಡ್ಡಾಯವಾಗಿರಲಿಲ್ಲ. ಎರಡನೆಯ ಮತ್ತು ಮೂರನೆಯ ಠಾಣೆಗಳ ನಡುವಿನ ಕಡಿದಾದ ಏರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ, ಆಲಿಕಲ್ಲು, ಹೆಪ್ಪುಗಟ್ಟಿಸುವ ಮಳೆ ಒಟ್ಟಿಗೆ ಬಂದವು. ಗಾಡಿ ಹೋಗದ ಜಾಗ ಅದು. 21 ಮಂದಿ ತೀರಿಕೊಂಡರು. ಅವರಲ್ಲಿ ಲಿಯಾಂಗ್ ಜಿಂಗ್ ಇದ್ದರು, ಚೀನಾದ ಅಲ್ಟ್ರಾ ಓಟಗಾರರಲ್ಲೇ ದೊಡ್ಡ ಹೆಸರು. ಅಂದು ಮುಂದಿದ್ದವರೇ ಹೆಚ್ಚಾಗಿ ಸತ್ತರು, ಹಿಂದೆ ಉಳಿದವರಲ್ಲಿ ಅನೇಕರು ತಿರುಗಿ ಇಳಿದು ಬದುಕಿದರು. ಝೂ ಕೆಮಿಂಗ್ ಎಂಬ ಕುರಿಗಾಹಿ, ಮಳೆಗೆಂದು ತಾನು ಹೊಕ್ಕಿದ್ದ ಗುಹೆಗೆ ಓಟಗಾರರನ್ನು ಕರೆತಂದು, ಬೆಂಕಿ ಹಾಕಿ, ಆರು ಜೀವಗಳನ್ನು ಉಳಿಸಿದ. ಓಟ ನಡೆಸಿದವರು ಮಾಡಬೇಕಾದ ಕೆಲಸವನ್ನು ಅವತ್ತು ಕುರಿ ಕಾಯುವವನು ಮಾಡಿದ. ಹವಾಮಾನ ಕೆಟ್ಟಾಗ "ಓಟ ನಿಂತಿದೆ, ಇಳಿಯಿರಿ" ಎಂದು ಹೇಳುವ ಅಧಿಕಾರವುಳ್ಳ ಒಂದು ದನಿ ಆ ಏರಿನ ಬುಡದಲ್ಲಿ ಬೇಕಿತ್ತು.

ಅಂಥ ದನಿ ಇರುವ ಕಡೆಯೂ ಉಂಟು. ಮಾಂಟ್ ಬ್ಲಾಂಕ್ ಪರ್ವತದ ಸುತ್ತ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹಾದುಹೋಗುವ ಯುಟಿಎಂಬಿ ಓಟದಲ್ಲಿ ದೂರ ಸುಮಾರು 170 ಕಿಲೋಮೀಟರ್, ಒಟ್ಟು ಏರು 10,000 ಮೀಟರ್‌ನಷ್ಟು, ಗಡುವು 46 ಗಂಟೆ 30 ನಿಮಿಷ. ಮಳೆಜಾಕೆಟ್, ದೀಪ, ಜೀವರಕ್ಷಕ ಹೊದಿಕೆ, ಸೀಟಿ ಇಲ್ಲದವರು ಅಲ್ಲಿ ಓಡುವಂತಿಲ್ಲ. 2010ರಲ್ಲಿ ಓಟ ಶುರುವಾಗಿ ಕೆಲವೇ ಗಂಟೆಗಳಲ್ಲಿ ಹವಾಮಾನ ಕೆಟ್ಟಾಗ ಅಷ್ಟು ದೊಡ್ಡ ಸ್ಪರ್ಧೆಯನ್ನೇ ನಿಲ್ಲಿಸಿದರು. ಜಗತ್ತಿನ ಮೂಲೆಮೂಲೆಯಿಂದ ಬಂದ ಸಾವಿರಾರು ಜನರ ನಿರಾಸೆಯನ್ನು ಎದುರಿಸುವುದಕ್ಕೆ ಗಟ್ಟಿ ಎದೆ ಬೇಕು.

ನಿಮ್ಮ ಮೇಲಿನ ದೂರಿನಲ್ಲಿ ಒಂದು ಮಾತನ್ನು ಮಾತ್ರ ನಾನು ಹಗುರಾಗಿ ತಳ್ಳಿಹಾಕಲಾರೆ. ಹತ್ತು ನಿಮಿಷ, ಐದು ನಿಮಿಷ ಎಂಬ ಸಂಕಟ ನಿಜವಾದದ್ದು. ಒಬ್ಬರು ವರ್ಷವಿಡೀ ನಸುಕಿಗೆ ಎದ್ದು ಓಡಿರುತ್ತಾರೆ. ಮಕ್ಕಳ ಪರೀಕ್ಷೆ, ಮನೆಯ ಹಬ್ಬ ಬಿಟ್ಟು ಬಂದಿರುತ್ತಾರೆ. ರಜೆ ಒಟ್ಟುಮಾಡಿ, ಸಾಲವನ್ನೂ ಮಾಡಿ ವಿಮಾನ ಹತ್ತಿರುತ್ತಾರೆ. ಚಿಕ್ಕಮಗಳೂರಿನ ಮಲ್ನಾಡ್ ಅಲ್ಟ್ರಾದಲ್ಲಿ ಕಾಫಿ ತೋಟಗಳ ಕೆಸರಿನಲ್ಲಿ ಜಾರಿ, ಕಾಲಿಗೆ ಹತ್ತಿದ ಉಂಬಳ ಕಿತ್ತೆಸೆಯುತ್ತಾ ದೊಡ್ಡ ಬೆಟ್ಟಕ್ಕೆ ತಯಾರಾಗಿರುತ್ತಾರೆ. ಆ ಶ್ರಮವನ್ನೆಲ್ಲ ಒಂದು ಗಡಿಯಾರ ಅಳಿಸಿಹಾಕಿತು ಎನಿಸಿದರೆ ಹೊಟ್ಟೆ ಉರಿಯುವುದು ಸಹಜ.

ಆದರೆ ಗಡುವು ಸಡಿಲವಾದರೆ ಬೆಲೆ ಕಳೆದುಕೊಳ್ಳುವುದು ಅದೇ ಶ್ರಮ. 2015ರಲ್ಲಿ ವೆಸ್ಟರ್ನ್ ಸ್ಟೇಟ್ಸ್ ಓಟದಲ್ಲಿ ಗುನ್‌ಹಿಲ್ಡ್ ಸ್ವಾನ್ಸನ್ ಎಂಬ 70 ವರ್ಷದ ಹೆಣ್ಣುಮಗಳು 29 ಗಂಟೆ 59 ನಿಮಿಷ 54 ಸೆಕೆಂಡಿಗೆ ಗುರಿ ಮುಟ್ಟಿದರು. 30 ಗಂಟೆಯ ಗಡುವಿಗೆ ಉಳಿದದ್ದು ಆರು ಸೆಕೆಂಡು. ಗುರಿಯಿದ್ದ ಕ್ರೀಡಾಂಗಣದಲ್ಲಿ ನಿಂತಿದ್ದವರು ಅಂದು ಅತ್ತದ್ದು ಆ ಗಡುವು ಕಲ್ಲಿನಲ್ಲಿ ಕೊರೆದಂತೆ ಇದ್ದದ್ದಕ್ಕೆ. ಎರಡು ವರ್ಷದ ನಂತರ ಟೆನೆಸಿಯ ಕಾಡಿನಲ್ಲಿ ನಡೆಯುವ ಬಾರ್ಕ್ಲಿ ಮ್ಯಾರಥಾನ್ಸ್‌ನಲ್ಲಿ ಗ್ಯಾರಿ ರಾಬಿನ್ಸ್ 60 ಗಂಟೆಯ ಗಡುವು ಮುಗಿದು ಆರು ಸೆಕೆಂಡಿಗೆ ಗುರಿಯ ಗೇಟು ಮುಟ್ಟಿ ಕುಸಿದರು. ಮಂಜಿನಲ್ಲಿ ದಾರಿ ತಪ್ಪಿ ಹಾದಿಯ ಒಂದು ಭಾಗವನ್ನೂ ಬಿಟ್ಟಿದ್ದರು. ಯಾರೂ ಅವರಿಗೆ ರಿಯಾಯಿತಿ ಕೊಡಲಿಲ್ಲ, ಅವರೂ ಕೇಳಲಿಲ್ಲ. ಅದೇ ಗೇಟನ್ನು 2024ರಲ್ಲಿ ಜಾಸ್ಮಿನ್ ಪ್ಯಾರಿಸ್ 99 ಸೆಕೆಂಡು ಉಳಿದಿರುವಾಗ ಮುಟ್ಟಿ, ಆ ಓಟ ಮುಗಿಸಿದ ಮೊದಲ ಮಹಿಳೆಯಾದರು. ರಾಬಿನ್ಸ್‌ಗೆ ಒಂದಿಷ್ಟು ವಿನಾಯಿತಿ ಸಿಕ್ಕಿದ್ದರೆ ಪ್ಯಾರಿಸ್‌ರ 99 ಸೆಕೆಂಡಿಗೆ ಯಾವ ಅರ್ಥ ಇರುತ್ತಿತ್ತು?

ಬಾರ್ಕ್ಲಿಯ ಇನ್ನೊಂದು ಪದ್ಧತಿ ನನಗೆ ಬಹಳ ಇಷ್ಟ. ಅಲ್ಲಿ ಓಟ ಕೈಬಿಟ್ಟವರು ಶಿಬಿರಕ್ಕೆ ಮರಳಿದಾಗ ಅವರೆದುರು ಕಹಳೆ ಊದುತ್ತಾರೆ. ಸೈನಿಕರಿಗೆ ವಿದಾಯ ಹೇಳುವಾಗ ನುಡಿಸುವ ಧಾಟಿಯದು. ನಿಂತು ಹೋದ ಓಟಕ್ಕೂ ಒಂದು ಮರ್ಯಾದೆ ಸಲ್ಲುತ್ತದೆ. ನಮ್ಮಲ್ಲಿ ಹಿಂದಕ್ಕೆ ಬಂದವರಿಗೆ ಸಿಗುವುದು "ಯಾಕೆ, ಏನಾಯ್ತು? ಮನಸ್ಸು ಗಟ್ಟಿ ಮಾಡ್ಬೇಕಿತ್ತು" ಎಂಬ ಬೋಧನೆ. ಈ ಬೋಧನೆಯೇ ಮುಂದಿನ ವರ್ಷ ಯಾರನ್ನೋ ಕೆಮ್ಮುತ್ತಲೇ ಬೆಟ್ಟ ಹತ್ತಿಸುತ್ತದೆ. ಮನಸ್ಸಿದ್ದರೆ ಮಾರ್ಗ ಎಂದು ಟೀ ಶರ್ಟಿನ ಮೇಲೆ ಬರೆಸಿಕೊಳ್ಳುವುದು ಸುಲಭ. ಶ್ವಾಸಕೋಶದಲ್ಲಿ ತುಂಬಿದ ನೀರು ಮನಸ್ಸಿನ ಮಾತು ಕೇಳುವುದಿಲ್ಲ.

ಲಡಾಖಿನಲ್ಲೇ 2010ರಲ್ಲಿ ಲಾ ಅಲ್ಟ್ರಾ ಎಂಬ 222 ಕಿಲೋಮೀಟರ್ ಓಟ ಮೊದಲ ಬಾರಿಗೆ ನಡೆದಾಗ ಹೊರಟವರು ಮೂವರು, ಮುಗಿಸಿದ್ದು ಮಾರ್ಕ್ ಕಾಕ್ಬೇನ್ ಒಬ್ಬರೇ. ಮಾಂಟ್ ಬ್ಲಾಂಕ್ ಓಟದ ಮೊದಲ ವರ್ಷ, 2003ರಲ್ಲಿ, ಸುಮಾರು 700 ಮಂದಿಯಲ್ಲಿ ಪೂರ್ತಿ ಸುತ್ತು ಮುಗಿಸಿದವರು 67. ಬೆಟ್ಟದ ಓಟದಲ್ಲಿ ಹಿಂದಿರುಗುವುದು ನಾಚಿಕೆಯ ವಿಷಯವಾಗಿದ್ದರೆ ಈ ಕ್ರೀಡೆಯಲ್ಲಿ ತಲೆ ಎತ್ತಿ ನಡೆಯುವವರೇ ಇರುತ್ತಿರಲಿಲ್ಲ.

ಈಗ ನಮ್ಮ ರಾಜ್ಯದಲ್ಲೂ ಬೆಟ್ಟದ ಓಟಗಳು ಹೆಚ್ಚುತ್ತಿವೆ. ಸಂತೋಷದ ಸಂಗತಿ. ಆದರೆ ಹಣ ಕೊಟ್ಟು ಬಂದವರು ಬೇಸರಪಟ್ಟುಕೊಳ್ಳಬಾರದೆಂದು ಗಡುವನ್ನು ಕೊನೆಯ ಗಳಿಗೆಯಲ್ಲಿ ಹಿಗ್ಗಿಸುವುದನ್ನೂ ಕಂಡಿದ್ದೇನೆ. ಮಳೆಗಾಲದ ಘಟ್ಟದಲ್ಲಿ, ಸಂಜೆ ಕವಿದ ಮೇಲೆ, ಮೊಬೈಲ್ ಸಿಗ್ನಲ್ ಸಿಗದ ಕಾಡುದಾರಿಗೆ ಒಬ್ಬಂಟಿ ಓಟಗಾರರನ್ನು "ನಿಧಾನ ಹೋಗಿ ಸಾರ್" ಎಂದು ಬಿಡುವುದು ಔದಾರ್ಯವಲ್ಲ, ಹೊಣೆಗೇಡಿತನ. ಇಲ್ಲಿ ಓಟ ಏರ್ಪಡಿಸುವವರು ತಮ್ಮ ಸ್ವಯಂಸೇವಕರಿಗೆ ನೀರು ಕೊಡುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ತಡೆದು ನಿಲ್ಲಿಸುವುದನ್ನೂ ಕಲಿಸಬೇಕು. ತಡೆದ ಮೇಲೆ ಅವರ ಬೆನ್ನಿಗೆ ನಿಲ್ಲಬೇಕು. ಇಪ್ಪತ್ತರ ಹುಡುಗಿಯೊಬ್ಬಳು ಐವತ್ತರ ಮ್ಯಾನೇಜರರಿಗೆ "ಸಾರ್, ಇನ್ನು ಬಿಡೋದಿಲ್ಲ" ಎಂದು ಹೇಳಬೇಕಾದರೆ ಅವಳ ಹಿಂದೆ ಇಡೀ ಸಂಘಟನೆ ನಿಂತಿದೆ ಎಂಬ ಧೈರ್ಯ ಬೇಕಾಗುತ್ತದೆ.

ಬರುವ ವರ್ಷವೂ ನಮ್ಮವರು ನಿಮ್ಮ ಕಡೆ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಚೆನ್ನಾಗಿ ಸಿದ್ಧರಾಗಿಯೇ ಬರುತ್ತಾರೆ, ಅವರಿಗೆ ಬಿಸಿನೀರು ಕೊಟ್ಟು ಮುಂದಕ್ಕೆ ಕಳಿಸಿ. ಕೆಲವರು ಮಾತ್ರ ಹೊತ್ತು ಮೀರಿ ಬಂದು ನಿಮ್ಮೆದುರು ನಿಲ್ಲುತ್ತಾರೆ. ಇಂಗ್ಲಿಷಿನಲ್ಲಿ ಕೇಳಿಕೊಳ್ಳುತ್ತಾರೆ, ಹಿಂದಿಯಲ್ಲಿ ಬೇಡಿಕೊಳ್ಳುತ್ತಾರೆ, ಕೊನೆಗೆ ತಡೆಯಲಾರದೆ ಕನ್ನಡದಲ್ಲೇ ಬೈಯುತ್ತಾರೆ. ಆ ಬೈಗುಳವನ್ನು ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಬಿಬ್ ಬಿಚ್ಚಿಕೊಳ್ಳಿ, ಕಂಬಳಿ ಹೊದಿಸಿ, ಗಾಡಿ ಹತ್ತಿಸಿ ಕಳಿಸಿ. ಮನೆಯಲ್ಲಿ ಅವರಿಗಾಗಿ ಕಾಯುತ್ತಿರುವವರ ಪರವಾಗಿ ಕೈಮುಗಿದು ಕೇಳಿಕೊಳ್ಳುತ್ತಿದ್ದೇನೆ.

ಇಂತಿ,
ಬೆಂಗಳೂರಿನ ಒಬ್ಬ ಓಟಗಾರ